ಯಾವ ರೋಗ ನಿಷ್ಪ್ರತೀಕಾರ?

ಶ್ರಾವಕನು ಸಲ್ಲೇಖನವನ್ನು ಯಾವ ಸಂದರ್ಭದಲ್ಲಿ ಸ್ವೀಕರಿಸಬಹುದು ಎಂಬ ಪ್ರಶ್ನೆಗೆ ಆಚಾರ್ಯ ಸಮಂತಭದ್ರರು ರತ್ನಕರಂಡ ಶ್ರಾವಕಾಚಾರದಲ್ಲಿ ನೀಡಿರುವ ಉತ್ತರವು ಸ್ವಾಧ್ಯಾಯದ ಅಭ್ಯಾಸವುಳ್ಳ ಮನೆಗಳಿಗೆ ಪರಿಚಿತವಾದುದೇ ಆಗಿದೆ. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂಬ ನಾಲ್ಕನ್ನು ಅವರು ಹೆಸರಿಸುತ್ತಾರೆ. ಆದರೆ ಹೆಸರಿಸಿ ಬಿಟ್ಟುಬಿಡುವುದಿಲ್ಲ. ಅವು ನಿಷ್ಪ್ರತೀಕಾರವಾಗಿರಬೇಕು, ಅಂದರೆ ಪರಿಹಾರವಿಲ್ಲದವಾಗಿರಬೇಕು ಎಂಬ ಕಟ್ಟನ್ನೂ ಹಾಕುತ್ತಾರೆ. ಅನೇಕ ಶತಮಾನಗಳ ಕಾಲ ಈ ಪದವು ಯಾರನ್ನೂ ಹೆಚ್ಚಾಗಿ ಕಾಡಿದಂತೆ ತೋರುವುದಿಲ್ಲ. ಪರಿಹಾರವಿಲ್ಲದ ರೋಗಗಳು ಬೇಕಾದಷ್ಟಿದ್ದವು. ಇದಕ್ಕೆ ಮದ್ದಿಲ್ಲ ಎಂಬ ಸಂಗತಿಯು ವೈದ್ಯನಿಗೂ ರೋಗಿಗೂ ಮನೆಯವರಿಗೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತಿಳಿಯುತ್ತಿತ್ತು. ಇಂದು ಆ ಗೆರೆ ಅಷ್ಟು ಸ್ಪಷ್ಟವಾಗಿ ಉಳಿದಿಲ್ಲ. ಅದು ಎಷ್ಟು ಅಸ್ಪಷ್ಟವಾಗಿದೆ ಎಂಬುದನ್ನು ಕಾಣಲು ಒಂದು ರೋಗವನ್ನೂ ಅದಕ್ಕೆ ಈಚಿನ ದಶಕಗಳಲ್ಲಿ ದೊರೆತ ಒಂದು ಚಿಕಿತ್ಸೆಯನ್ನೂ ಹತ್ತಿರದಿಂದ ನೋಡುವುದು ಉಚಿತ.

ಹೃದಯದಿಂದ ಹೊರಟು, ಎದೆಯಲ್ಲಿ ಬಾಗಿ, ಬೆನ್ನುಮೂಳೆಯ ಮುಂಭಾಗದಲ್ಲಿ ಕೆಳಗಿಳಿದು, ಹೊಕ್ಕುಳಿನ ಮಟ್ಟದಲ್ಲಿ ಎರಡು ಕವಲಾಗಿ ಕಾಲುಗಳತ್ತ ಸಾಗುವ ರಕ್ತನಾಳವೇ ಮಹಾಧಮನಿ. ವೈದ್ಯರು ಅದನ್ನು ಅಯೋರ್ಟಾ ಎನ್ನುತ್ತಾರೆ. ಹೊಟ್ಟೆಯ ಭಾಗದಲ್ಲಿ ಅದರ ಅಗಲ ಸುಮಾರು 2 ಸೆಂಟಿಮೀಟರ್. ವಯಸ್ಸಾದಂತೆ ಕೆಲವರಲ್ಲಿ ಅದರ ಗೋಡೆ ಸತ್ತ್ವಗುಂದಿ, ಹಳೆಯ ಸೈಕಲ್ ಟ್ಯೂಬಿನಂತೆ ಒಂದೆಡೆ ಉಬ್ಬತೊಡಗುತ್ತದೆ. ಅಗಲ 3 ಸೆಂಟಿಮೀಟರನ್ನು ಮುಟ್ಟಿದರೆ ಅದಕ್ಕೆ ಅನ್ಯೂರಿಸಂ ಎಂಬ ಹೆಸರು ಬರುತ್ತದೆ. ಅರವತ್ತೈದು ದಾಟಿದ ಗಂಡಸರಲ್ಲಿ, ಅದರಲ್ಲಿಯೂ ಧೂಮಪಾನ ಮಾಡಿದವರಲ್ಲಿ, ಇದು ಹೆಚ್ಚು. ಬಹುಪಾಲು ಮಂದಿಗೆ ನೋವಿಲ್ಲ, ಜ್ವರವಿಲ್ಲ, ಯಾವ ಸೂಚನೆಯೂ ಇಲ್ಲ. ಉಬ್ಬು ಚಿಕ್ಕದಿರುವವರೆಗೆ ಕಾದು ನೋಡುವುದೇ ಲೇಸೆಂದು ದೊಡ್ಡ ಅಧ್ಯಯನಗಳು ತೋರಿಸಿವೆ. ಗಂಡಸರಲ್ಲಿ ಅದು 5.5 ಸೆಂಟಿಮೀಟರನ್ನು ತಲುಪಿದಾಗ ಚಿಕಿತ್ಸೆಯ ಮಾತು ಬರುತ್ತದೆ. ಒಡೆದರೆ ಮಾತ್ರ ಹೆಚ್ಚಿನವರು ಉಳಿಯುವುದಿಲ್ಲ. ಅನೇಕರು ಆಸ್ಪತ್ರೆಯನ್ನು ಮುಟ್ಟುವುದೂ ಇಲ್ಲ.

ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಎಂಬತ್ತೆರಡು ವರ್ಷದ ಹಿರಿಯರು, ಒಂದು ಕಾಲಕ್ಕೆ ಧಾನ್ಯದ ವ್ಯಾಪಾರ ಮಾಡಿದವರು, ಈಗ ಬೆಳಿಗ್ಗೆ ಬಸದಿಗೆ ಹೋಗಿ ಅಭಿಷೇಕ ನೋಡಿ ಬಂದು, ಸಂಜೆ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ, ಸಾಮಾಯಿಕಕ್ಕೆ ಕುಳಿತುಕೊಳ್ಳುವವರು. ಹತ್ತು ವರ್ಷಗಳ ಹಿಂದೆ ಹೃದಯಾಘಾತವಾಗಿದೆ, ಶ್ವಾಸಕೋಶ ದುರ್ಬಲ, ಮೂತ್ರಪಿಂಡಗಳೂ ಅಷ್ಟಕ್ಕಷ್ಟೇ. ಮೂತ್ರದ ತೊಂದರೆಗೆಂದು ಅಲ್ಟ್ರಾಸೌಂಡ್ ಮಾಡಿಸಿದಾಗ ಹೊಟ್ಟೆಯ ಮಹಾಧಮನಿಯಲ್ಲಿ 6 ಸೆಂಟಿಮೀಟರಿನ ಉಬ್ಬು ಕಂಡಿದೆ. ಹೊಟ್ಟೆ ಕೊಯ್ದು ಮಾಡುವ ಶಸ್ತ್ರಚಿಕಿತ್ಸೆಯನ್ನು ಇವರ ಹೃದಯ ತಾಳಲಾರದು, ಆದರೆ ತೊಡೆಸಂದಿಯ ರಕ್ತನಾಳದ ಮೂಲಕ ಮಾಡುವ ಇನ್ನೊಂದು ವಿಧಾನವಿದೆ ಎಂದು ವೈದ್ಯರು ಹೇಳಿದ್ದಾರೆ. ಹಿರಿಯ ಮಗನಿಗೆ ತಡಮಾಡುವುದೇ ಪಾಪವೆನಿಸಿದೆ. ಅಳಿಯನು, ಈ ವಯಸ್ಸಿನಲ್ಲಿ ಇದೆಲ್ಲ ಏಕೆ, ಮಾವನವರು ಧರ್ಮ ತಿಳಿದವರು, ವ್ರತ ಸ್ವೀಕರಿಸಲಿ ಎನ್ನುತ್ತಾನೆ. ಬಸದಿಯ ಟ್ರಸ್ಟಿನ ವೈದ್ಯಕೀಯ ನಿಧಿಗೆ ಅರ್ಜಿ ಬರೆದುಕೊಡಲು ನೆಂಟರೊಬ್ಬರು ಸಿದ್ಧರಾಗಿದ್ದಾರೆ. ಹಿರಿಯರಿಗೆ ಮಾತ್ರ ಇನ್ನೂ ಯಾರೂ ಏನನ್ನೂ ಹೇಳಿಲ್ಲ. ಹೊಟ್ಟೆಯಲ್ಲಿ ಸ್ವಲ್ಪ ವಾಯು ಎಂದು ಹೇಳಿ ಸುಮ್ಮನಾಗಿದ್ದಾರೆ.

ಈ ಮನೆಯ ಪ್ರಶ್ನೆ ಎಪ್ಪತ್ತೈದು ವರ್ಷಗಳ ಹಿಂದೆ ಹುಟ್ಟುವಂತೆಯೇ ಇರಲಿಲ್ಲ. ಉಬ್ಬಿದ ಮಹಾಧಮನಿಯ ಭಾಗವನ್ನು ತೆಗೆದು ಅಲ್ಲಿ ಬೇರೆ ನಾಳವನ್ನು ಜೋಡಿಸುವ ಕೆಲಸವನ್ನು ಪ್ಯಾರಿಸಿನ ಶಾರ್ಲ್ ದ್ಯುಬೋ 1951ರಲ್ಲಿ ಸಾಧಿಸಿದರು. ಅದಕ್ಕೆ ಮುನ್ನ ಇದ್ದದ್ದು ಅರೆ ಉಪಾಯಗಳು. ವಿಜ್ಞಾನಿ ಆಲ್ಬರ್ಟ್ ಐನ್‌ಸ್ಟೈನರ ಹೊಟ್ಟೆಯಲ್ಲಿ ಇಂಥದೇ ಉಬ್ಬು 1948ರಲ್ಲಿ ಪತ್ತೆಯಾದಾಗ ಶಸ್ತ್ರವೈದ್ಯ ರುಡಾಲ್ಫ್ ನಿಸ್ಸೆನ್ ಮಾಡಲು ಸಾಧ್ಯವಾದದ್ದು ಅದರ ಸುತ್ತ ಸೆಲೋಫೇನ್ ಹಾಳೆಯನ್ನು ಸುತ್ತುವುದಷ್ಟೇ. ಸುತ್ತಿದ ಜಾಗದಲ್ಲಿ ಗೋಡೆ ಗಡುಸಾಗಿ ನಿಲ್ಲಲಿ ಎಂಬುದು ಅದರ ಉದ್ದೇಶ. ಅದು ಆರು ವರ್ಷಕ್ಕೂ ಮೀರಿ ತಡೆಯಿತು. 1955ರ ಏಪ್ರಿಲ್‌ನಲ್ಲಿ ಉಬ್ಬು ಒಡೆದಾಗ ಹೊಸ ಶಸ್ತ್ರಚಿಕಿತ್ಸೆ ಲಭ್ಯವಿತ್ತು. ವೈದ್ಯರು ಅದನ್ನು ಮುಂದಿಟ್ಟರು. ಎಪ್ಪತ್ತಾರು ವರ್ಷದ ಐನ್‌ಸ್ಟೈನ್ ಬೇಡವೆಂದರು, ಏಪ್ರಿಲ್ 18ರಂದು ಪ್ರಿನ್ಸ್‌ಟನ್ನಿನಲ್ಲಿ ತೀರಿಕೊಂಡರು. ಅದೇ ದಶಕದಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಮೈಕೇಲ್ ಡಿಬೇಕಿ ಎಂಬ ಶಸ್ತ್ರವೈದ್ಯರು ಡೇಕ್ರಾನ್ ಬಟ್ಟೆಯನ್ನು ಅಂಗಡಿಯಿಂದ ಕೊಂಡು ತಂದು, ಹೆಂಡತಿಯ ಹೊಲಿಗೆಯಂತ್ರದಲ್ಲಿ ಕೊಳವೆಯಾಗಿ ಹೊಲಿದು, ಕೃತಕ ರಕ್ತನಾಳಗಳನ್ನು ಮಾಡಿದರು. ಇವರ ಹೆಸರು ಮುಂದೆ ಮತ್ತೊಮ್ಮೆ ಬರಲಿದೆ.

ಈ ಶಸ್ತ್ರಚಿಕಿತ್ಸೆಗೆ ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯಬೇಕು; ಕರುಳನ್ನು ಪಕ್ಕಕ್ಕೆ ಸರಿಸಬೇಕು; ಮಹಾಧಮನಿಗೆ ಇಕ್ಕಳ ಹಾಕಿ ರಕ್ತವನ್ನು ನಿಲ್ಲಿಸಬೇಕು. ಗಟ್ಟಿಮುಟ್ಟಾದವರು ತಾಳಿದರು, ಹೃದಯ ದುರ್ಬಲವಾದವರು ತಾಳಲಿಲ್ಲ. ಆದುದರಿಂದ ಉಬ್ಬು ಇದ್ದೂ ಶಸ್ತ್ರಚಿಕಿತ್ಸೆಗೆ ಒಲ್ಲದ ಶರೀರವುಳ್ಳ ವೃದ್ಧರ ಗುಂಪೊಂದು ಉಳಿದೇ ಹೋಯಿತು. ಆ ಗುಂಪಿಗಾಗಿಯೇ ಹುಟ್ಟಿದ್ದು ಹೊಸ ವಿಧಾನ. ಖಾರ್ಕಿವ್ ನಗರದಲ್ಲಿ ನಿಕೊಲಾಯ್ ವೊಲೊಡೊಸ್ 1987ರಲ್ಲಿ ಎದೆಭಾಗದ ಮಹಾಧಮನಿಗೆ ಒಳಗಿನಿಂದಲೇ ಆಸ್ತರಿ ಹಾಕಿದ್ದರು. ಬ್ಯೂನಸ್ ಐರಿಸ್ ನಗರದಲ್ಲಿ ಹುವಾನ್ ಪಾರೋದಿ 1990ರಲ್ಲಿ ಹೊಟ್ಟೆಭಾಗದ ಉಬ್ಬಿಗೆ ಅದನ್ನು ಮಾಡಿದರು. 1991ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ ಇದ್ದವರು ಐದೇ ರೋಗಿಗಳು. ಐವರೂ ಇತರ ಗಂಭೀರ ಕಾಯಿಲೆಗಳುಳ್ಳವರು. ತೊಡೆಸಂದಿಯ ಧಮನಿಯೊಳಗೆ ಸಪೂರವಾದ ತಂತಿಯನ್ನು ತೂರಿಸಿ, ಎಕ್ಸ್-ರೇ ಪರದೆಯನ್ನು ನೋಡುತ್ತ, ಮಡಿಸಿಟ್ಟ ಬಟ್ಟೆಯ ಕೊಳವೆಯನ್ನು ಅದರ ಮೇಲೆ ಸಾಗಿಸಿ, ಉಬ್ಬಿನ ಒಳಗೆ ಅರಳಿಸುವುದು ಇದರ ಕ್ರಮ. ಲೋಹದ ಬಲೆ ಕೊಳವೆಯನ್ನು ಆರೋಗ್ಯವಾದ ಗೋಡೆಗೆ ಒತ್ತಿ ಹಿಡಿಯುತ್ತದೆ, ರಕ್ತ ಕೊಳವೆಯೊಳಗೆ ಹರಿಯುತ್ತದೆ, ಉಬ್ಬಿನ ಮೇಲಿನ ಒತ್ತಡ ತಗ್ಗುತ್ತದೆ. ಪೂರ್ಣ ಅರಿವಳಿಕೆಯಿಲ್ಲದೆಯೂ ಮಾಡಬಹುದು. ರೋಗಿ ಕೆಲವೇ ದಿನಗಳಲ್ಲಿ ಮನೆಗೆ ಮರಳಬಹುದು. 1999ರಲ್ಲಿ ಅಮೆರಿಕದಲ್ಲಿ ಇಂಥ ಸಾಧನಗಳಿಗೆ ಅನುಮತಿ ದೊರೆತ ಮೇಲೆ ವಿಧಾನವು ಜಗತ್ತಿನಾದ್ಯಂತ ಹರಡಿತು. ಭಾರತದ ದೊಡ್ಡ ಆಸ್ಪತ್ರೆಗಳಲ್ಲಿಯೂ ಇಂದು ನಡೆಯುತ್ತದೆ.

ಹಾಗಾದರೆ ಅಳಿಯನ ಮಾತು ಅಲ್ಲಿಗೇ ಬಿತ್ತು ಎನ್ನಬೇಕೆ? ನಿನ್ನೆಯವರೆಗೆ ನಿಷ್ಪ್ರತೀಕಾರವಾಗಿದ್ದುದು ಇಂದು ಸಪ್ರತೀಕಾರವಾಯಿತು; ಪ್ರತೀಕಾರವಿದ್ದೂ ಅದನ್ನು ಬಿಡುವುದು ಧರ್ಮವಲ್ಲ; ಆದುದರಿಂದ ಮಗನ ಅವಸರವೇ ಸರಿ. ತರ್ಕ ನೇರವಾಗಿದೆ. ಅದರ ಮೊದಲ ವಾಕ್ಯವನ್ನು ಮಾತ್ರ ಪರೀಕ್ಷಿಸಿ ನೋಡಬೇಕು.

ಬ್ರಿಟನ್ನಿನ ವೈದ್ಯರು ಅದನ್ನು ಪರೀಕ್ಷಿಸಿದ್ದಾರೆ. 1999ರಿಂದ 2004ರವರೆಗೆ, 5.5 ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಉಬ್ಬುಳ್ಳ, ಅರವತ್ತು ದಾಟಿದ, ಹೊಟ್ಟೆ ಕೊಯ್ಯುವ ಶಸ್ತ್ರಚಿಕಿತ್ಸೆಗೆ ಯೋಗ್ಯರಲ್ಲವೆಂದು ತೀರ್ಮಾನವಾದ 404 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. 197 ಮಂದಿಗೆ ಒಳಗಿನಿಂದ ಕೊಳವೆ ಹಾಕುವ ಚಿಕಿತ್ಸೆ; 207 ಮಂದಿಗೆ ಅದಿಲ್ಲ, ಔಷಧ ಮತ್ತು ಆರೈಕೆ ಮಾತ್ರ. ಅಧ್ಯಯನಕ್ಕೆ ಇಟ್ಟ ಹೆಸರು ಇವಾರ್ 2. ಚಿಕಿತ್ಸೆಯಾದವರಲ್ಲಿ ಶೇಕಡಾ 7.3 ಮಂದಿ ಮೂವತ್ತು ದಿನಗಳೊಳಗೆ ತೀರಿಕೊಂಡರು. ಉಳಿದವರ ವಿಷಯದಲ್ಲಿ ಕೊಳವೆ ತನ್ನ ಕೆಲಸವನ್ನು ಮಾಡಿತು. ಉಬ್ಬಿನಿಂದ ಸಂಭವಿಸಿದ ಮರಣಗಳು ಚಿಕಿತ್ಸೆಯಿಲ್ಲದ ಗುಂಪಿನಲ್ಲಿ ವರ್ಷಕ್ಕೆ ನೂರಕ್ಕೆ 7.3ರ ಪ್ರಮಾಣದಲ್ಲಿದ್ದರೆ ಚಿಕಿತ್ಸೆಯಾದವರಲ್ಲಿ 3.6ರಷ್ಟಿದ್ದವು, ಅಂದರೆ ಅರ್ಧದಷ್ಟು. ಆದರೆ ಎಲ್ಲ ಕಾರಣಗಳಿಂದಾದ ಮರಣಗಳನ್ನು ಕೂಡಿಸಿ ನೋಡಿದಾಗ ಒಂದು ಗುಂಪಿನಲ್ಲಿ ವರ್ಷಕ್ಕೆ ನೂರಕ್ಕೆ 21, ಇನ್ನೊಂದರಲ್ಲಿ 22. ವ್ಯತ್ಯಾಸವಿಲ್ಲವೆಂದೇ ಹೇಳಬೇಕು. 2010ರಲ್ಲಿ ಫಲಿತಾಂಶ ಪ್ರಕಟವಾದಾಗ 404 ಮಂದಿಯಲ್ಲಿ 305 ಮಂದಿ ತೀರಿಕೊಂಡಿದ್ದರು. ಉಬ್ಬು ಒಡೆಯುವುದಕ್ಕೆ ಮೊದಲೇ ಹೃದಯ ನಿಂತಿತ್ತು, ಶ್ವಾಸಕೋಶ ಸೋತಿತ್ತು. ಚಿಕಿತ್ಸೆಯಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಆರು ವರ್ಷಗಳೊಳಗೆ ಕೊಳವೆಗೆ ಸಂಬಂಧಿಸಿದ ಒಂದಲ್ಲ ಒಂದು ತೊಡಕು ಕಾಣಿಸಿಕೊಂಡಿತು. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಮತ್ತೊಮ್ಮೆ ಚಿಕಿತ್ಸೆ ಬೇಕಾಯಿತು.

ಅಂದಿನಿಂದ ಸಾಧನಗಳು ಸುಧಾರಿಸಿವೆ, ಕೈಗಳು ಪಳಗಿವೆ. ಹಳೆಯ ಅಂಕಿಗಳನ್ನೇ ಇಂದಿನ ಪ್ರತಿಯೊಬ್ಬ ರೋಗಿಯ ಹಣೆಗೆ ಅಂಟಿಸುವುದು ನ್ಯಾಯವಲ್ಲ. ಉಬ್ಬು ಬಹಳ ದೊಡ್ಡದಾಗಿದ್ದು ಶರೀರದ ಉಳಿದ ಭಾಗಗಳು ಒಂದಿಷ್ಟು ನೆಟ್ಟಗಿರುವವರ ಲೆಕ್ಕ ಬೇರೆಯಾಗಬಹುದು. ಆದರೂ ಇಂಗ್ಲೆಂಡಿನ ನೈಸ್ ಸಂಸ್ಥೆಯು 2020ರಲ್ಲಿ ಹೊರಡಿಸಿದ ಮಾರ್ಗಸೂಚಿ ಇಂಥ ದುರ್ಬಲ ರೋಗಿಗಳ ವಿಷಯದಲ್ಲಿ ಎರಡು ದಾರಿಗಳನ್ನು ಅಕ್ಕಪಕ್ಕದಲ್ಲಿಯೇ ಇಡುತ್ತದೆ: ಒಳಗಿನಿಂದ ಕೊಳವೆ ಹಾಕುವುದನ್ನು ಪರಿಶೀಲಿಸಬಹುದು, ಇಲ್ಲವೇ ಶಸ್ತ್ರಚಿಕಿತ್ಸೆಯಿಲ್ಲದ ಆರೈಕೆಯನ್ನು ಪರಿಶೀಲಿಸಬಹುದು. ಹೊಸ ವಿಧಾನವಿದೆ ಎಂಬ ಒಂದೇ ಕಾರಣಕ್ಕೆ ಅದು ಕರ್ತವ್ಯವಾಗುವುದಿಲ್ಲವೆಂದು ವೈದ್ಯಶಾಸ್ತ್ರವೇ ಒಪ್ಪಿಕೊಂಡಂತಾಯಿತು.

ಇಲ್ಲಿ ಸಮಂತಭದ್ರರ ಪದಕ್ಕೆ ಹಿಂತಿರುಗಬೇಕು. ಪ್ರತೀಕಾರ ಯಾವುದಕ್ಕೆ? ಧಮನಿಗೋ, ಮನುಷ್ಯನಿಗೋ? ಧಮನಿಯ ಉಬ್ಬಿಗೆ ಪ್ರತೀಕಾರವಿದೆ, ಅದರಲ್ಲಿ ಸಂದೇಹವಿಲ್ಲ. ಆದರೆ ಎಂಬತ್ತೆರಡು ವರ್ಷದ ಹೃದಯಕ್ಕೆ, ಬತ್ತುತ್ತಿರುವ ಉಸಿರಿಗೆ ಆ ಕೊಳವೆಯಲ್ಲಿ ಪ್ರತೀಕಾರವಿಲ್ಲ. ಹಳೆಯ ಮನೆಯ ಒಂದು ತೊಲೆಗೆ ಉಕ್ಕಿನ ಪಟ್ಟಿ ಬಿಗಿದರೆ ಆ ತೊಲೆ ಮುರಿಯಲಾರದು. ಮನೆ ನಿಲ್ಲುತ್ತದೆಂದು ಅದರಿಂದ ಹೇಳಲಾಗದು. ಶ್ರಾವಕಾಚಾರವು ರೋಗದ ಮಾತನ್ನು ಮುಪ್ಪಿನ ಪಕ್ಕದಲ್ಲಿಯೇ ಇಟ್ಟಿರುವುದು ಆಕಸ್ಮಿಕವಲ್ಲವೆಂದು ತೋರುತ್ತದೆ. ಒಂದಕ್ಕೆ ಮದ್ದಿದ್ದು ಇನ್ನೊಂದಕ್ಕೆ ಇಲ್ಲದ ಸ್ಥಿತಿಯೇ ಇಂದು ಹೆಚ್ಚಿನ ವೃದ್ಧರ ಸ್ಥಿತಿಯಾಗಿದೆ.

ಹೀಗೆಂದ ಮಾತ್ರಕ್ಕೆ ಅಳಿಯನು ಗೆದ್ದನೆಂದಲ್ಲ. ಪರಂಪರೆಯು ಸಮಂತಭದ್ರರ ಕುರಿತಾಗಿಯೇ ಒಂದು ಕಥೆಯನ್ನು ಹೇಳುತ್ತದೆ. ಮುನಿಯಾಗಿದ್ದಾಗ ಅವರಿಗೆ ಭಸ್ಮಕವೆಂಬ ವ್ಯಾಧಿ ಅಂಟಿತು. ಉಂಡದ್ದೆಲ್ಲ ಒಳಗೇ ಸುಟ್ಟುಹೋಗಿ, ತೀರದ ಹಸಿವಾಗುವ ರೋಗ ಅದು. ಮುನಿಯ ಮಿತಾಹಾರದಲ್ಲಿ ಅದನ್ನು ತಣಿಸುವುದು ಸಾಧ್ಯವಿರಲಿಲ್ಲ. ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರುಗಳು ಕೊಡಲಿಲ್ಲ. ನಿನ್ನಿಂದ ಧರ್ಮಕ್ಕೆ ಆಗಬೇಕಾದ ಕಾರ್ಯ ಬಹಳವಿದೆ, ದೀಕ್ಷೆಯನ್ನು ಬಿಟ್ಟಾದರೂ ರೋಗವನ್ನು ನೀಗಿಸಿಕೊ, ಆಮೇಲೆ ಮರಳಿ ದೀಕ್ಷೆ ಪಡೆ ಎಂದರು. ಅವರು ವೇಷ ಬದಲಿಸಿದರು, ಶಿವಾಲಯದ ನೈವೇದ್ಯವನ್ನುಂಡು ಹಸಿವನ್ನು ತಣಿಸಿಕೊಂಡರು, ಗುಣವಾದ ಮೇಲೆ ಮತ್ತೆ ಮುನಿಯಾದರು. ಸಲ್ಲೇಖನದ ಲಕ್ಷಣವನ್ನು ಬರೆದ ಆಚಾರ್ಯರಿಗೇ ಸಲ್ಲೇಖನವು ನಿರಾಕೃತವಾಯಿತೆಂಬ ಈ ಕಥೆಯನ್ನು ಕಾಪಾಡಿಕೊಂಡು ಬಂದವರು ಸಾಮಾನ್ಯರಲ್ಲ. ರೋಗವೆಂದೊಡನೆ ವ್ರತದ ಮಾತೆತ್ತುವ ಬಂಧುಗಳಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಮುನಿವೇಷವನ್ನೇ ಬಿಡಿಸಿ ಚಿಕಿತ್ಸೆಗೆ ಕಳುಹಿಸಿದ ಗುರುವನ್ನು ಧರ್ಮವು ಗುರುವೆಂದೇ ಕರೆದಿದೆ.

ಅಳಿಯನ ಮಾತಿನಲ್ಲಿ ಇನ್ನೊಂದು ದೋಷವೂ ಇದೆ. ಚಿಕಿತ್ಸೆಯನ್ನು ಬೇಡವೆನ್ನುವುದು ಒಂದು, ಸಲ್ಲೇಖನ ಇನ್ನೊಂದು. ಒಳಗೆ ಉಬ್ಬು ಇದ್ದರೂ ಈ ಹಿರಿಯರು ಬಸದಿಗೆ ನಡೆದು ಹೋಗುತ್ತಿದ್ದಾರೆ, ಉಣ್ಣುತ್ತಿದ್ದಾರೆ, ಸಾಮಾಯಿಕ ಮಾಡುತ್ತಿದ್ದಾರೆ. ಅವರ ಧರ್ಮಸಾಧನೆಗೆ ಆ ಉಬ್ಬು ಇಂದು ಅಡ್ಡಿಯಾಗಿಲ್ಲ. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಮನೆತನದಿಂದ ಬಂದ ಆಚಾರ್ಯ ಶಾಂತಿಸಾಗರರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಸ್ವೀಕರಿಸಿದ್ದು ಕಣ್ಣಿನ ದೃಷ್ಟಿ ಕುಂದಿದ ಕಾರಣಕ್ಕೆ. ನೆಲವನ್ನು ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿ, ಆಹಾರವನ್ನು ಶೋಧಿಸಿ ಸ್ವೀಕರಿಸುವ ನಿಯಮ, ಇವು ದೃಷ್ಟಿಯಿಲ್ಲದೆ ನಡೆಯಲಾರವು. ಅಲ್ಲಿ ವ್ರತವೇ ಶರೀರದಿಂದ ಅಪಾಯಕ್ಕೊಳಗಾಗಿತ್ತು. ಸೆಪ್ಟೆಂಬರ್ 18ರಂದು ಅವರು ದೇಹವನ್ನು ಬಿಟ್ಟಾಗ ಎಂಬತ್ಮೂರು ವರ್ಷ. ಮುಂದೆಂದೋ ಒಡೆಯಬಹುದಾದ ರಕ್ತನಾಳವನ್ನು ಇದರ ಸಾಲಿಗೆ ಸೇರಿಸಲಾಗದು. ಹಿರಿಯರು ಕೊಳವೆ ಬೇಡವೆಂದರೆ ಅವರು ಒಂದು ಚಿಕಿತ್ಸೆಯನ್ನು ಬೇಡವೆಂದರು, ಅಷ್ಟೇ. ಅದಕ್ಕೆ ದೊಡ್ಡ ಹೆಸರಿಟ್ಟು ಮೆರವಣಿಗೆ ಮಾಡಬೇಕಿಲ್ಲ. ಆತ್ಮಹತ್ಯೆಯೆಂದು ಹಳಿಯಬೇಕಾಗಿಯೂ ಇಲ್ಲ.

ಸಲ್ಲೇಖನದ ಅತಿಚಾರಗಳ ಪಟ್ಟಿ ಮಾತ್ರ ಈ ಮನೆಗೂ ಅನ್ವಯಿಸುತ್ತದೆ. ಬದುಕಬೇಕೆಂಬ ಹಂಬಲ ಒಂದು ಅತಿಚಾರ. ಸಾಯಬೇಕೆಂಬ ಹಂಬಲ ಇನ್ನೊಂದು. ಸಮಂತಭದ್ರರ ಪಟ್ಟಿಯಲ್ಲಿ ಭಯವೂ ಸೇರಿದೆ. ಆಸ್ಪತ್ರೆಯ ಮೊಗಸಾಲೆಯಲ್ಲಿ ತೀರ್ಮಾನಗಳನ್ನು ಮಾಡಿಸುವುದು ಬಹುಮಟ್ಟಿಗೆ ಈ ಮೂರನೆಯದೇ. ಅಪ್ಪನನ್ನು ಉಳಿಸಿಕೊಳ್ಳಲಿಲ್ಲವೆಂದು ಜನ ಆಡಿಕೊಂಡಾರೆಂಬ ಭಯ ಮಗನದು. ಹಾಸಿಗೆ ಹಿಡಿದರೆ ನೋಡಿಕೊಳ್ಳುವವರಾರು ಎಂಬ ಭಯ ಅಳಿಯನದು. ಅದನ್ನು ಆತ ಬಾಯಿಬಿಟ್ಟು ಹೇಳಲಾರ, ಆದುದರಿಂದ ವ್ರತದ ಮಾತಾಡುತ್ತಾನೆ.

ಡಿಬೇಕಿಯವರ ಕಥೆ ಇಲ್ಲಿಗೆ ಸಲ್ಲುತ್ತದೆ. 2005ರ ಡಿಸೆಂಬರ್ 31ರಂದು, ತೊಂಬತ್ತೇಳನೆಯ ವಯಸ್ಸಿನಲ್ಲಿ, ಮನೆಯಲ್ಲಿ ಒಬ್ಬರೇ ಇದ್ದಾಗ ಅವರಿಗೆ ಎದೆಯಲ್ಲಿ ಸೀಳುವಂಥ ನೋವು ಬಂತು. ಅದು ಮಹಾಧಮನಿಯ ಗೋಡೆ ಸೀಳುತ್ತಿರುವ ಲಕ್ಷಣವೆಂದು ಅವರೇ ಗುರುತಿಸಿದರು. ಆ ರೋಗಕ್ಕೆ ಶಸ್ತ್ರಚಿಕಿತ್ಸೆಯನ್ನು ರೂಪಿಸಿದವರು ತಾವೇ. ಆದರೂ ತಮಗೆ ಅದು ಬೇಡವೆಂದರು. ವಾರಗಳು ಕಳೆದು ಅವರಿಗೆ ಪ್ರಜ್ಞೆ ತಪ್ಪಿದಾಗ, 2006ರ ಫೆಬ್ರವರಿಯಲ್ಲಿ, ಹ್ಯೂಸ್ಟನ್ನಿನ ಆಸ್ಪತ್ರೆಯಲ್ಲಿ ವಾದ ಎದ್ದಿತು. ಅರಿವಳಿಕೆ ವೈದ್ಯರು ಹಿಂಜರಿದರು. ನೀತಿ ಸಮಿತಿ ಸಭೆ ಸೇರಿತು. ಪತ್ನಿ ಸಭೆಯೊಳಗೆ ನುಗ್ಗಿ ಬಂದು, ತಡಮಾಡದೆ ಶಸ್ತ್ರಚಿಕಿತ್ಸೆ ಮಾಡಿ ಎಂದರು. ಮಾಡಿದರು, ಹೊಟ್ಟೆಯದಲ್ಲ, ಎದೆಯನ್ನು ತೆರೆದು ಮಾಡುವ ಏಳು ಗಂಟೆಗಳ ಶಸ್ತ್ರಚಿಕಿತ್ಸೆ ಅದು. ಆಸ್ಪತ್ರೆವಾಸ ಒಟ್ಟು ಎಂಟು ತಿಂಗಳು; ವೆಚ್ಚ ಹತ್ತು ಲಕ್ಷ ಡಾಲರಿಗೂ ಮಿಕ್ಕು. ಚೇತರಿಸಿಕೊಂಡ ಡಿಬೇಕಿ, ಮಾಡಿದ್ದು ಒಳ್ಳೆಯದಾಯಿತು ಎಂದರು. 2008ರ ಜುಲೈ 11ರಂದು ತೊಂಬತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈ ಕಥೆಯನ್ನು ಮಗನ ಪಕ್ಷದವರು ಹೇಳಲು ಇಷ್ಟಪಡುತ್ತಾರೆ. ಫಲ ಒಳ್ಳೆಯದಾಯಿತು, ಆದುದರಿಂದ ಮೀರಿ ನಡೆದದ್ದೂ ಸರಿಯಾಯಿತು ಎಂಬುದು ಅವರ ಭಾವ. ಫಲ ಕೆಟ್ಟದಾಗಿದ್ದರೆ ಅದೇ ಎಂಟು ತಿಂಗಳುಗಳನ್ನು ಜನ ಯಾವ ಹೆಸರಿನಿಂದ ಕರೆಯುತ್ತಿದ್ದರು? ಹೋಗಲಿ, ಡಿಬೇಕಿಯವರಿಗೆ ರೋಗವೇನು, ಅಪಾಯವೆಷ್ಟು ಎಂಬುದು ಜಗತ್ತಿನಲ್ಲಿ ಯಾರಿಗಿಂತಲೂ ಚೆನ್ನಾಗಿ ತಿಳಿದಿತ್ತು. ಅವರು ತಿಳಿದು ನಿರ್ಧರಿಸಿದರು, ಬೇರೆಯವರು ತಿಳಿದು ಮೀರಿದರು. ವಾಯುವೆಂದು ನಂಬಿ ಕುಳಿತಿರುವ ನಮ್ಮ ಹಿರಿಯರ ಸ್ಥಿತಿ ಹಾಗಲ್ಲ. ಅವರಿಗೆ ನಿರ್ಧರಿಸುವ ಅವಕಾಶವನ್ನೇ ಕೊಟ್ಟಿಲ್ಲ.

ಹಿರಿಯರ ಮನಸ್ಸು ನೋಯಬಾರದೆಂದು ರೋಗವನ್ನು ಮರೆಮಾಡುವುದು ಎಲ್ಲ ಸಮಾಜಗಳಲ್ಲಿಯೂ ಇದೆ. ಅದನ್ನು ಅಹಿಂಸೆಯೆಂದು ಸಮರ್ಥಿಸುವುದು ಜೈನ ಮನೆಗಳಲ್ಲಿ ಕಾಣುವ ವಿಶೇಷ. ಪರಪೀಡೆಯುಂಟುಮಾಡುವ ಸತ್ಯವನ್ನು ನುಡಿಯಬಾರದೆಂದು ಸತ್ಯಾಣುವ್ರತವು ಹೇಳುವುದು ನಿಜ. ಆದರೆ ಅಲ್ಲಿನ ಮಾತು ಇನ್ನೊಬ್ಬನನ್ನು ಆಪತ್ತಿಗೆ ದೂಡುವ ಸತ್ಯದ ಕುರಿತಾದುದು. ತನ್ನ ಶರೀರದ ಸ್ಥಿತಿಯನ್ನು ತಿಳಿಯದ ವೃದ್ಧನು ಪ್ರತ್ಯಾಖ್ಯಾನವನ್ನು ಹೇಗೆ ಮಾಡಿಯಾನು? ಯಾರಲ್ಲಿ ಕ್ಷಮೆ ಬೇಡಿಯಾನು, ಯಾವ ಸಾಲವನ್ನು ತೀರಿಸಿಯಾನು, ಯಾವ ಯಾತ್ರೆಯನ್ನು ಮುಗಿಸಿಯಾನು? ಜೀವಮಾನವಿಡೀ ಅನಿತ್ಯಭಾವನೆಯನ್ನು ಚಿಂತಿಸಿದವನಿಗೆ ಅನಿತ್ಯವೆಂಬುದರ ಪ್ರತ್ಯಕ್ಷ ಸುದ್ದಿ ಬಂದಾಗ ಅದನ್ನು ಬಾಗಿಲಲ್ಲೇ ತಡೆದು ನಿಲ್ಲಿಸುವುದು ಎಂಥ ಉಪಕಾರ!

ಪ್ರತೀಕಾರದೊಳಗಿನ ಹಿಂಸೆಯ ಮಾತನ್ನೂ ಬಿಡುವಂತಿಲ್ಲ. ಈ ಕೊಳವೆಗಳು ಸಾಮಾನ್ಯವಾಗಿ ಕೃತಕ ಬಟ್ಟೆ ಮತ್ತು ಲೋಹದವು. ಆದರೆ ಚಿಕಿತ್ಸೆಯ ವೇಳೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಎಂಬ ಔಷಧವನ್ನು ಹಂದಿಯ ಕರುಳಿನ ಒಳಪೊರೆಯಿಂದ ತೆಗೆಯುತ್ತಾರೆ. ಪಾರೋದಿಯವರು ಮನುಷ್ಯರ ಮೇಲೆ ಪ್ರಯೋಗಿಸುವ ಮುನ್ನ ಪ್ರಾಣಿಗಳ ಮೇಲೆ ಪ್ರಯೋಗಿಸಿದ್ದರು. ಗೃಹಸ್ಥನಿಗೆ ಸಂಕಲ್ಪಿ ಹಿಂಸೆ ಸರ್ವಥಾ ತ್ಯಾಜ್ಯ, ಆರಂಭಿ ಹಿಂಸೆ ಸಂಪೂರ್ಣವಾಗಿ ತಪ್ಪದು ಎಂಬ ವಿವೇಕದ ಮೇಲೆ ಹೆಚ್ಚಿನ ಶ್ರಾವಕರು ಔಷಧವನ್ನು ಸ್ವೀಕರಿಸುತ್ತಾರೆ. ಅದು ಒಪ್ಪತಕ್ಕ ನಿಲುವು. ಆದರೂ ಹಿರಿಯರು ಈ ಒಂದು ಕಾರಣಕ್ಕಾಗಿ ಹಿಂಜರಿದರೆ ಅದನ್ನು ಮೂಢತನವೆಂದು ನಗಬಾರದು. ಹೆಪಾರಿನ್ ಒಗ್ಗದವರಿಗೆಂದು ಬೈವಾಲಿರುಡಿನ್ ಎಂಬ ಕೃತಕ ಔಷಧವೂ ಇದೆ. ತಮಗೆ ಅದು ಹೊಂದುವುದೇ ಎಂದು ವೈದ್ಯರನ್ನು ಕೇಳಬಹುದು. ಕೇಳದಿರುವುದೇ ರೂಢಿಯಾಗಿದೆ.

ಟ್ರಸ್ಟುಗಳ ಪಾತ್ರವೂ ಕಡಿಮೆಯದಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ಬಸದಿಗಳ ನಿಧಿ ಇರುವುದು ಸ್ತುತ್ಯ. ಕೊಳವೆಯ ಚಿಕಿತ್ಸೆಗೆ ಹಲವು ಲಕ್ಷ ರೂಪಾಯಿಗಳು ಬೇಕು, ಅದರಲ್ಲಿ ದೊಡ್ಡ ಪಾಲು ಸಾಧನದ ಬೆಲೆಯೇ. ಅರ್ಜಿಯ ಜೊತೆಗೆ ಆಸ್ಪತ್ರೆಯ ಅಂದಾಜುಪಟ್ಟಿಯನ್ನು ಲಗತ್ತಿಸಲು ಟ್ರಸ್ಟು ಕೇಳುತ್ತದೆ, ಮಂಜೂರಾದ ಹಣ ಆಸ್ಪತ್ರೆಗೆ ಹೋಗುತ್ತದೆ, ಕಡತ ಮುಚ್ಚುತ್ತದೆ. ಆದರೆ ಕೊಳವೆ ಹಾಕಿದ ಮೇಲೆ ಅದರ ಪಕ್ಕದಿಂದ ರಕ್ತ ಉಬ್ಬಿನೊಳಗೆ ಜಿನುಗುತ್ತಿಲ್ಲವೇ, ಅದು ಜಾರಿಲ್ಲವೇ ಎಂದು ಬದುಕಿರುವವರೆಗೆ ಕಾಲಕಾಲಕ್ಕೆ ಸ್ಕ್ಯಾನ್ ಮಾಡಿಸುತ್ತಿರಬೇಕು. ಆ ವೆಚ್ಚವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ತಪಾಸಣೆಯನ್ನು ನಿಲ್ಲಿಸಿದವರಿಗೆ ಚಿಕಿತ್ಸೆಯ ಲಾಭವೂ ಅರ್ಧಕ್ಕೆ ನಿಲ್ಲಬಹುದು. ಇನ್ನು ಚಿಕಿತ್ಸೆ ಬೇಡವೆಂದ ವೃದ್ಧರಿಗೆ ನಿಧಿಯಿಂದ ದೊರೆಯುವುದು ಏನೂ ಇಲ್ಲ. ರಕ್ತದೊತ್ತಡದ ಮಾತ್ರೆ, ಮನೆಗೆ ಬಂದು ಹೋಗುವ ದಾದಿ, ಕೊನೆಯ ದಿನಗಳ ನೋವು ನಿವಾರಣೆ, ಇವುಗಳಿಗೆ ಅಂದಾಜುಪಟ್ಟಿ ಬರೆದುಕೊಡುವ ಆಸ್ಪತ್ರೆಯಿಲ್ಲ. ಶಸ್ತ್ರಕ್ಕೆ ದಾನವಿದ್ದು ಆರೈಕೆಗೆ ಇಲ್ಲವೆಂದಾದರೆ, ನಿಧಿಯು ತನಗೆ ಅರಿವಿಲ್ಲದೆಯೇ ಆ ಮನೆಯ ತೀರ್ಮಾನದಲ್ಲಿ ಕೈಹಾಕಿದಂತಾಗುತ್ತದೆ. ಬಡ ಮನೆಯಾದರೆ ಹಣ ಯಾವ ದಾರಿಗೆ ಸಿಗುತ್ತದೆಯೋ ಆ ದಾರಿಯೇ ಧರ್ಮವೆನಿಸಿಬಿಡುತ್ತದೆ.

ಚಿಕಿತ್ಸೆ ಬೇಡವೆಂದವರು ಇನ್ನೊಂದು ಪ್ರಶ್ನೆಗೂ ಉತ್ತರ ಹೇಳಿರಬೇಕು. ಉಬ್ಬು ಒಡೆದರೆ ಏನು? ಅದು ಒಡೆಯುವುದು ನಡುರಾತ್ರಿಯಾಗಬಹುದು. ತೀವ್ರವಾದ ಬೆನ್ನುನೋವು, ಬೆವರು, ಎಚ್ಚರ ತಪ್ಪುವುದು. ಆಗ ಮನೆಯವರು ಆಂಬ್ಯುಲೆನ್ಸಿಗೆ ಕರೆ ಮಾಡಬೇಕೇ, ಅಥವಾ ನೋವು ತಗ್ಗಿಸುವ ಔಷಧ ಕೊಟ್ಟು ಬಳಿಯಲ್ಲಿ ಕುಳಿತು ಣಮೋಕಾರ ಹೇಳಬೇಕೇ? ಇದನ್ನು ಹಗಲಿನಲ್ಲಿ, ಹಿರಿಯರ ಬಾಯಿಂದಲೇ, ವೈದ್ಯರ ಎದುರಿನಲ್ಲಿ ತಿಳಿದಿಟ್ಟುಕೊಳ್ಳದ ಮನೆಯಲ್ಲಿ ಆ ರಾತ್ರಿ ಜಗಳವೇ ನಡೆಯುತ್ತದೆ. ಇಂಥ ಇಚ್ಛೆಯನ್ನು ಮುಂಚಿತವಾಗಿ ಬರೆದಿಡುವುದಕ್ಕೆ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಮಾನ್ಯತೆ ನೀಡಿತು, 2023ರಲ್ಲಿ ಅದರ ವಿಧಿಗಳನ್ನು ಸರಳಗೊಳಿಸಿತು. ಸಂಥಾರದ ವಿಷಯದಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು 2015ರ ಆಗಸ್ಟ್ 10ರಂದು ನೀಡಿದ ತೀರ್ಪು, ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಅದಕ್ಕೆ ಕೊಟ್ಟ ತಡೆಯಾಜ್ಞೆ ಸಮಾಜಕ್ಕೆ ನೆನಪಿದೆ. ಅದು ಬೇರೆಯ ವಿಷಯ. ಆ ಗದ್ದಲದ ನೆನಪಿನಿಂದ ಈ ಸರಳವಾದ ಕಾಗದವನ್ನೂ ಬರೆಯಲು ಹೆದರುವುದು ಅನಗತ್ಯ.

ಕಲ್ಪಿಸಿಕೊಂಡ ಆ ಮನೆಯಲ್ಲಿ ಕೊನೆಗೆ ಬಾಯಿಬಿಟ್ಟವರು ಹಿರಿಯರ ಪತ್ನಿಯೆಂದು ಇಟ್ಟುಕೊಳ್ಳೋಣ. ಐವತ್ತೈದು ವರ್ಷ ಜೊತೆಗಿದ್ದವರಿಗೆ ವಾಯುವಿನ ಸುಳ್ಳನ್ನು ಮುಂದುವರಿಸುವುದು ಸಾಧ್ಯವಾಗಲಿಲ್ಲ. ಹಿರಿಯರು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮರುದಿನ ಮಗನೊಡನೆ ಆಸ್ಪತ್ರೆಗೆ ಹೋಗಿ ವೈದ್ಯರನ್ನು ಅವರು ಕೇಳಿದ್ದು ಎರಡೇ ಪ್ರಶ್ನೆ: ಇದನ್ನು ಮಾಡಿಸಿದರೆ ನನ್ನ ಉಸಿರಾಟ ಸುಧಾರಿಸುತ್ತದೆಯೇ, ಮಾಡಿಸದಿದ್ದರೆ ಬಸದಿಗೆ ನಡೆದು ಹೋಗುವುದನ್ನು ನಿಲ್ಲಿಸಬೇಕೇ? ಎರಡಕ್ಕೂ ಇಲ್ಲವೆಂಬ ಉತ್ತರ ಬಂತು. ವೈದ್ಯರು ಕಾಗದದ ಮೇಲೆ ಧಮನಿಯ ಚಿತ್ರ ಬರೆದು ಉಬ್ಬನ್ನು ತೋರಿಸಿದರು. ಇಂಥವರಲ್ಲಿ ನೂರಕ್ಕೆ ಎಷ್ಟು ಮಂದಿಗೆ ಒಡೆಯುತ್ತದೆ, ಎಷ್ಟು ಮಂದಿಗೆ ಅದಕ್ಕೆ ಮೊದಲೇ ಹೃದಯ ನಿಲ್ಲುತ್ತದೆ ಎಂಬುದನ್ನು ಮರೆಮಾಚದೆ ಹೇಳಿದರು. ಹಿರಿಯರು ವ್ಯಾಪಾರದ ದಿನಗಳ ಅಭ್ಯಾಸದಂತೆ ಆ ಅಂಕಿಗಳನ್ನು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು. ದಶಲಕ್ಷಣ ಪರ್ವ ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದು ಎದ್ದರು. ಮಗ ಏನೋ ಹೇಳಹೊರಟಾಗ, ಇದು ನನ್ನ ಲೆಕ್ಕ, ನಾನೇ ಕೂಡುತ್ತೇನೆ ಎಂದರು. ಟ್ರಸ್ಟಿಗೆ ಬರೆದ ಅರ್ಜಿ ಅಲ್ಲಿಯವರೆಗೆ ಮೇಜಿನ ಖಾನೆಯಲ್ಲಿಯೇ ಉಳಿ���ಿತು.